ಗೂಬೆ ಕಕ್ಕಿದ ಉಂಡೆ: ಕೆಲವು ಟಿಪ್ಪಣಿ, ಕೆಲವು ಗೊಂದಲ

* ಮುಚ್ಚಿದ ರೈಸ್ ಮಿಲ್ಲಿನ ತೊಲೆಯ ಕೆಳಗೆ ಕಣಜ ಗೂಬೆಯ ಉಂಡೆಗಳು ಬಿದ್ದಿವೆ. ಹೆಬ್ಬೆರಳಿನ ಗಾತ್ರ. ಹಳೆಯವು ಬೂದು ಬಣ್ಣಕ್ಕೆ ತಿರುಗಿವೆ, ಹೊಸತು ಮಾತ್ರ ವಾರ್ನಿಶ್ ಬಳಿದ ಹಾಗೆ ಕಪ್ಪಗೆ ಹೊಳೆಯುತ್ತದೆ. ನೋಡಿದವರೆಲ್ಲ ಹಿಕ್ಕೆ ಅಂತಾರೆ. ಹಿಕ್ಕೆಯ ಬಿಳಿ ಗೀರು ಗೋಡೆಯ ಮೇಲೆ ಬೇರೆಯೇ ಇದೆ. ಇದು ಬಾಯಿಂದ ಬಂದದ್ದು.

* ಗೂಬೆಗೆ ಅಗಿಯಲು ಹಲ್ಲಿಲ್ಲ, ಇಲಿಯನ್ನು ಇಡಿಯಾಗಿ ನುಂಗುತ್ತದೆ. ಮಾಂಸ ಕರಗಿ ಮುಂದೆ ಹೋಗುತ್ತದೆ. ಕರಗದ ತುಪ್ಪಳ, ಮೂಳೆ, ಹಲ್ಲು ಹೊಟ್ಟೆಯಲ್ಲೇ ಒತ್ತಿ ಉಂಡೆಯಾಗಿ, ಕೆಲವು ಗಂಟೆ ಬಿಟ್ಟು ಆಚೆ ಬೀಳುತ್ತವೆ. ಸೂಜಿಯಂಥ ಮೂಳೆಗಳು ಗಂಟಲು ಸೀಳುವುದಿಲ್ಲವೇ? ಉಂಡೆಯನ್ನು ಬೆರಳಲ್ಲಿ ಉರುಳಿಸಿದೆ. ಎಲ್ಲೂ ಚುಚ್ಚಲಿಲ್ಲ. ಮೂಳೆಯೆಲ್ಲ ಒಳಗೆ, ತುಪ್ಪಳ ಹೊರಗೆ.

* ಗಿಡುಗವೂ ಹೀಗೇ ಕಕ್ಕುತ್ತದೆ, ಆದರೆ ಅದರ ಉಂಡೆಯಲ್ಲಿ ಮೂಳೆ ಸಿಗುವುದು ಅಪರೂಪ. ಒಂದು, ಅದು ಹರಿದು ತಿನ್ನುತ್ತದೆ. ಇನ್ನೊಂದು, ಹೊಟ್ಟೆಯ ಹುಳಿ. ಗಿಡುಗದ ಗುಂಪಿನ ಹಕ್ಕಿಗಳ ಜಠರರಸದ ಪಿಎಚ್ ಸರಾಸರಿ 1.6, ಗೂಬೆಗಳದು 2.35. ಅಂದರೆ ಗಿಡುಗದ್ದು ಐದು ಪಟ್ಟಿಗಿಂತ ಹೆಚ್ಚು ಹುಳಿ. ಗೂಬೆಯ ಆ ಸಪ್ಪೆ ಹೊಟ್ಟೆಯಿಂದಲೇ ನಮಗೆ ಬುರುಡೆ ಇಡಿಯಾಗಿ ಸಿಗುವುದು.

* "ಗೂಬೆ ವಾಂತಿ ನನ್ನ ಅಡುಗೆಮನೆಗೆ ತಂದೀಯ, ಜೋಕೆ!" ಅಮ್ಮ ಹೇಳಿದ್ದರಲ್ಲಿ ಅಪಶಕುನದ ಭಯವೇ ಹೆಚ್ಚು, ಆದರೂ ಮಾತು ಸರಿ. ಅಮೆರಿಕದ ಪ್ರಾಥಮಿಕ ಶಾಲೆಗಳಲ್ಲಿ ಉಂಡೆ ಬಿಡಿಸಿದ ಮಕ್ಕಳಿಗೆ ಸಾಲ್ಮೊನೆಲ್ಲಾ ಸೋಂಕು ತಗುಲಿದ್ದುಂಟು. ಫಾಯಿಲ್‌ನಲ್ಲಿ ಸುತ್ತಿ ಒವನ್‌ನಲ್ಲಿ 160 ಡಿಗ್ರಿಯಲ್ಲಿ 40 ನಿಮಿಷ ಇಡುವುದು ರೂಢಿ. ಫ್ರೀಜರಿನಲ್ಲಿಟ್ಟರೆ ಹುಳ ಸಾಯುತ್ತದೆ, ಬ್ಯಾಕ್ಟೀರಿಯಾ ಸಾಯುವುದಿಲ್ಲ. ಕೈಗವಸು ಹಾಕಿ, ಜಗಲಿಯ ಮೇಲೆ ಹಳೇ ಪೇಪರ್ ಹಾಸಿ ಕೂತರೆ ಅಮ್ಮನ ತಕರಾರೂ ಇಲ್ಲ.

* ಗೂಬೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಗೂಡಿನ ಹತ್ತಿರ ಹೋಗದೆ, ಹಗಲ ನಿದ್ದೆ ಕೆಡಿಸದೆ, ನೆಲಕ್ಕೆ ಬಿದ್ದದ್ದನ್ನಷ್ಟೇ ಆಯುವುದು.

* ತಟ್ಟೆಯಲ್ಲಿ ಉಗುರುಬೆಚ್ಚನೆ ನೀರು, ಚಿಮಟ, ಹಲ್ಲುಕಡ್ಡಿ. ತುಪ್ಪಳ ಬಿಚ್ಚಿಕೊಂಡಿತು. ಮೊದಲು ಕಂಡದ್ದು ಕಿತ್ತಳೆ ಬಣ್ಣದ ಬಾಗಿದ ಎರಡು ಬಾಚಿಹಲ್ಲು, ಅವುಗಳ ಹಿಂದೆ ಖಾಲಿ ಜಾಗ, ಆಮೇಲೆ ದವಡೆಹಲ್ಲುಗಳ ಸಾಲು. ಇಲಿಯೇ. ಕೆಳದವಡೆ ಮಾತ್ರ ಎರಡು ಹೋಳು. ಗೂಬೆ ಮುರಿದದ್ದಲ್ಲ, ಇಲಿಯ ದವಡೆಯ ಎರಡು ಪಕ್ಕಗಳು ಗಲ್ಲದಲ್ಲಿ ಒಂದೇ ಮೂಳೆಯಾಗಿ ಬೆಸೆದಿರುವುದಿಲ್ಲ.

* ಎಲ್ಲ ಆರಿಸಿಟ್ಟರೆ ಬುರುಡೆ ಎರಡು, ದವಡೆ ಹೋಳು ಐದು. ಎಡಗಡೆಯವೇ ಮೂರು, ಹಾಗಾಗಿ ಪ್ರಾಣಿಗಳು ಮೂರಕ್ಕೆ ಕಡಿಮೆಯಿಲ್ಲ. ಮೂರನೆಯದರ ತಲೆ ಎಲ್ಲಿ? ಪಕ್ಕದ ಉಂಡೆಯಲ್ಲೋ, ಪುಡಿಯಾಗಿ ತುಪ್ಪಳದೊಳಗೋ, ತಿಳಿಯಲಿಲ್ಲ.

* ಎರಡನೇ ಬುರುಡೆ ಇಲಿಯದ್ದಲ್ಲ. ಮೂತಿ ಉದ್ದ. ಹಲ್ಲಿನ ಸಾಲಿನಲ್ಲಿ ಆ ಖಾಲಿ ಜಾಗವಿಲ್ಲ, ಎಲ್ಲವೂ ಚೂಪು. ಕೆನ್ನೆಮೂಳೆಯ ಕಮಾನೇ ಇಲ್ಲ. ಸುಂಡಿಲಿ! ಹೆಸರಿನಲ್ಲಿ ಇಲಿ ಇದ್ದರೂ ಇಲಿಯ ಕುಲದ್ದಲ್ಲ, ಹುಳಹುಪ್ಪಟೆ ತಿನ್ನುವ ಪ್ರಾಣಿ.

* ಹಳೆಯ ಉಂಡೆಯೊಂದರಲ್ಲಿ ತುಪ್ಪಳದ ಚೂರೊಂದು ತಾನಾಗಿ ನಡೆಯಿತು. ಒಳಗೊಂದು ಮರಿಹುಳು. ಮನೆ ಗೋಡೆಯ ಮೇಲೆ ಚೀಲ ಹೊತ್ತು ತೆವಳುತ್ತದಲ್ಲ, ಅದರ ಬಳಗ. ತುಪ್ಪಳವೇ ಅದರ ಊಟ, ತುಪ್ಪಳವೇ ಅಂಗಿ.

* ಸುಂಡಿಲಿಯ ವಿಷಯ ಬಗೆಹರಿದಿಲ್ಲ. ಬೆಕ್ಕು ಅದನ್ನು ಕೊಂದರೂ ನಾತಕ್ಕೆ ಹೇಸಿ ಸಾಮಾನ್ಯವಾಗಿ ಬಿಟ್ಟು ಹೋಗುತ್ತದೆ. ಗೂಬೆಗೆ ಆ ನಾತ ತಿಳಿಯುವುದಿಲ್ಲವೋ, ತಿಳಿದರೂ ಲೆಕ್ಕಕ್ಕಿಲ್ಲವೋ? ಇಲಿ ಸಿಗದಾಗ ಮಾತ್ರ ಹಿಡಿಯುವುದೋ? ಒಂದು ಉಂಡೆಯಿಂದ ಹೇಳಲಾಗದು. ಸಿಕ್ಕ ತಾರೀಕು ಬರೆದು ಒಂದೊಂದನ್ನೂ ಬೇರೆ ಪೊಟ್ಟಣ ಕಟ್ಟಿಟ್ಟರೆ, ಸುಗ್ಗಿಯಲ್ಲೂ ಮಳೆಗಾಲದಲ್ಲೂ ಸುಂಡಿಲಿಯ ಪಾಲು ಎಷ್ಟೆಂದು ಹೋಲಿಸಬಹುದು. ಪೊಟ್ಟಣಗಳನ್ನು ಎಲ್ಲಿಡುವುದು ಎಂಬುದನ್ನು ಮಾತ್ರ ಅಮ್ಮನನ್ನು ಕೇಳಿ ತೀರ್ಮಾನಿಸಬೇಕು.