ಮೀಟರ್ ಪೆಟ್ಟಿಗೆಯ ಒಕ್ಕಲು

ತುಡುವೆ ಜೇನು ಎಲ್ಲೆಲ್ಲಿ ಮನೆ ಮಾಡುತ್ತದೆ ಎಂದು ಮಲೆನಾಡಿನ ಯಾರನ್ನಾದರೂ ಕೇಳಿ, ಮಾತು ಬೇಗ ಮುಗಿಯುವುದಿಲ್ಲ. ಅಟ್ಟದ ಮೇಲಿನ ಹಳೇ ಟ್ರಂಕು, ಕರೆಂಟಿನ ಮೀಟರ್ ಪೆಟ್ಟಿಗೆ, ಬಾವಿಯ ಒಳಗೋಡೆಯ ಕಲ್ಲುಸಂದಿ, ಕೊಟ್ಟಿಗೆ ಮೂಲೆಯಲ್ಲಿ ಬೋರಲು ಹಾಕಿಟ್ಟ ಮಡಕೆ, ತೋಟದ ಬದುವಿನ ಹುತ್ತ. ಕೆಟ್ಟು ಮೂಲೆ ಸೇರಿದ ಸ್ಪೀಕರ್ ಡಬ್ಬಿಯನ್ನೂ ಅದು ಬಿಟ್ಟಿಲ್ಲ.

ಕಂಡಕಂಡಲ್ಲಿ ನುಗ್ಗುವ ಜೀವಿ ಮಾತ್ರ ಅಲ್ಲ ಇದು. ಒಳಗೆ ಕತ್ತಲಿರಬೇಕು, ಮಳೆನೀರು ಇಳಿಯಬಾರದು, ಕಾವಲಿಗೆ ಸುಲಭವಾಗುವಂತೆ ಬಾಗಿಲು ಕಿರಿದಾಗಿರಬೇಕು, ನಾಲ್ಕಾರು ಎರಿಗಳನ್ನು ಪಕ್ಕಪಕ್ಕ ಇಳಿಬಿಡುವಷ್ಟು ಜಾಗ ಬೇಕು. ಕುಟುಂಬ ಪಾಲಾದಾಗ ಹಳೇ ರಾಣಿ ಒಂದಷ್ಟು ಸಂಸಾರ ಕಟ್ಟಿಕೊಂಡು ಹೊರಟು ಹತ್ತಿರದ ಕೊಂಬೆಗೆ ಜೋತುಬೀಳುತ್ತಾಳೆ. ಜಾಗ ನೋಡುವ ಕೆಲಸ ಪಳಗಿದ ನೊಣಗಳದ್ದು. ಅವು ಪೊಟರೆಯೊಳಗೆ ಓಡಾಡಿ ಅಳತೆ ತಿಳಿದುಕೊಂಡು ಬಂದು, ಗುಂಪಿನ ಮೈಮೇಲೆಯೇ ಕುಣಿದು ದಿಕ್ಕು, ದೂರ ಎರಡನ್ನೂ ತಿಳಿಸುತ್ತವೆ.

ಈ ಗುಟ್ಟು ಬಯಲಾದದ್ದು 1949ರಲ್ಲಿ, ಜರ್ಮನಿಯ ಮ್ಯೂನಿಕ್‌ನಲ್ಲಿ. ಮಾರ್ಟಿನ್ ಲಿಂಡಾವರ್ ಎಂಬ ವಿಜ್ಞಾನಿಯ ಕಣ್ಣಿಗೆ, ಜೋತುಬಿದ್ದ ಗುಂಪಿನ ಮೇಲೆ ಕುಣಿಯುತ್ತಿದ್ದ ಕೆಲವು ನೊಣಗಳು ಬಿದ್ದವು. ಹೂವಿಗೆ ಹೋಗಿ ಬಂದಿದ್ದರೆ ಮೈಗೆ ಪರಾಗ ಮೆತ್ತಿರಬೇಕಿತ್ತು. ಇವುಗಳ ಮೈಗೆ ಅಂಟಿದ್ದು ಹೊಗೆಮಸಿ, ಇಟ್ಟಿಗೆ ಪುಡಿ! ಯುದ್ಧದಲ್ಲಿ ಕುಸಿದ ಊರಿನ ಚಿಮಣಿಗಳನ್ನೂ ಪಾಳುಗೋಡೆಗಳನ್ನೂ ಅವು ಮನೆಗಾಗಿ ನೋಡಿಕೊಂಡು ಬಂದಿದ್ದವು. ಮುಂದೆ ಅಮೆರಿಕದ ಟಾಮ್ ಸೀಲಿ ಇದೇ ಜಾಡು ಹಿಡಿದು, ಯುರೋಪಿನ ಜೇನಿಗೆ ಸುಮಾರು 40 ಲೀಟರಿನ ಪೊಟರೆ ಇಷ್ಟ ಎಂದು ಕಂಡುಕೊಂಡರು. ನಮ್ಮ ತುಡುವೆಯ ಸಂಸಾರ ಚಿಕ್ಕದು, ಮೀಟರ್ ಪೆಟ್ಟಿಗೆಯಲ್ಲೇ ನಡೆದುಹೋಗುತ್ತದೆ.

ಇನ್ನೂ ಚಿಕ್ಕ ಮನೆ ಮುಜಂಟಿಯದು. ಕೆಲವರು ಇದನ್ನು ಮಿಸರಿ ಅನ್ನುತ್ತಾರೆ. ಕಚ್ಚುವ ಮುಳ್ಳಿಲ್ಲದ ಈ ಪುಟ್ಟ ಜೇನಿಗೆ ಮಣ್ಣಿನ ಗೋಡೆಯ ತೂತು, ಸ್ವಿಚ್ ಬೋರ್ಡಿನ ಸಂದು ಧಾರಾಳವಾಯಿತು. ಮೇಣಕ್ಕೆ ಮರದ ಅಂಟು ಬೆರೆಸಿ ಬಾಗಿಲಿಗೊಂದು ಕೊಳವೆ ಕಟ್ಟಿಕೊಳ್ಳುತ್ತದೆ. ಅದರ ಬಾಯಲ್ಲಿ ಕಾವಲು ನೊಣಗಳು ಸುತ್ತುಗಟ್ಟಿ ಕೂತಿರುತ್ತವೆ. ಬೆರಳು ಹತ್ತಿರ ತಂದರೆ ಒಳಸರಿದು, ತುಸು ಹೊತ್ತಿಗೆ ಒಂದೊಂದೇ ತಲೆ ಹೊರಹಾಕುತ್ತವೆ. ಎಷ್ಟು ಹೊತ್ತು ನೋಡಿದರೂ ನನಗೆ ಸಾಕೆನಿಸಿಲ್ಲ. ಕೋಲ್ಜೇನಿಗೆ ಪೊಟರೆಯೇ ಬೇಡ, ದಾಸವಾಳದ ಬೇಲಿಯ ಒಂದು ಕಡ್ಡಿ ಸಾಕು. ಇರುವೆ ಬರದಂತೆ ಕಡ್ಡಿಯ ಆಚೀಚೆ ಅಂಟು ಬಳಿದಿರುತ್ತದೆ, ಬಗ್ಗಿ ನೋಡಿದರೆ ಮಿನುಗುತ್ತದೆ. ಅಪಾರ್ಟ್‌ಮೆಂಟಿನ ಸಜ್ಜಾಕ್ಕೆ ತೂಗುವ ಹೆಜ್ಜೇನಿನ ಮಾತು ಬೇರೆ. ಅದನ್ನು ಯಾರೂ ಕೆಣಕಬಾರದು.

ಗೋಡೆಯಿಂದ ಗುಂಯ್ ಎಂದು ಕೇಳಿದೊಡನೆ ಸೀಮೆಎಣ್ಣೆಯನ್ನೋ ಜಿರಲೆ ಸ್ಪ್ರೇಯನ್ನೋ ಹುಡುಕುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. 1991ರ ಹೊತ್ತಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತಕ್ಕೆ ಬಂತು. ಮರಿಹುಳುಗಳು ನೀರು ತುಂಬಿದ ಚೀಲದಂತಾಗಿ ಸತ್ತವು. ಕೊಡಗಿನಲ್ಲಿ, ದಕ್ಷಿಣ ಕನ್ನಡದಲ್ಲಿ ಸಾಲುಸಾಲು ಜೇನುಪೆಟ್ಟಿಗೆಗಳು ಬರಿದಾದವು. ಮತ್ತೆ ಅವು ತುಂಬುತ್ತ ಬಂದದ್ದು ರೋಗ ತಡೆದುಕೊಂಡು ಉಳಿದ ಕುಟುಂಬಗಳಿಂದ. ಕಾಡಿನ ಪೊಟರೆ, ಹುತ್ತ, ಹಳೇ ಗೋಡೆಗಳಲ್ಲಿ ಯಾರ ಆರೈಕೆಯೂ ಇಲ್ಲದೆ ಬದುಕಿದ ಜೇನಿನ ಬೆಲೆ ಸಾಕುವವರಿಗೆ ಆಗ ಗೊತ್ತಾಯಿತು.

ಹಾಗಾಗಿ ಮೀಟರ್ ಓದುವವರಿಗೆ ತೊಂದರೆಯಾಗುತ್ತದೆ ಅನ್ನಿಸಿದರೆ, ಊರಲ್ಲಿ ಜೇನು ಸಾಕುವವರಿಗೆ ಒಂದು ಮಾತು ಹೇಳಿ. ಕರೆಂಟು ತೆಗೆಸಿ, ಹೊಗೆ ಕೊಟ್ಟು, ಎರಿಗಳನ್ನು ಕೊಯ್ದು ಬಾಳೆನಾರಿನಿಂದ ಚೌಕಟ್ಟಿಗೆ ಕಟ್ಟುತ್ತಾರೆ. ರಾಣಿ ಪೆಟ್ಟಿಗೆ ಸೇರಿದಳೆಂದರೆ ಉಳಿದವು ತಾವಾಗಿ ಹಿಂದೆ ಬರುತ್ತವೆ. ಪೆಟ್ಟಿಗೆಯನ್ನು ಕತ್ತಲಾಗುವವರೆಗೂ ಅಲ್ಲೇ ಬಿಡಬೇಕು. ಮೇಯಲು ಹೋದ ನೊಣಗಳು ಮನೆ ಸೇರುವುದು ಆಗಲೇ.