ನೀರು ತುಂಬಿಸುವ ಸರದಿ

ಷಿಕಾಗೊ ನಗರದ ಡಿಯರ್‌ಬಾರ್ನ್ ಬೀದಿಗೆ ನಾನು ಹುಡುಕಿಕೊಂಡು ಹೋದದ್ದು ಒಂದು ಹಳೆಯ ವಿಳಾಸವನ್ನು. ಅಲ್ಲಿ ಹೋದ ಮೇಲೆ ತುರ್ತಾಗಿ ಬೇಕಾದದ್ದು ಮಾತ್ರ ಒಂದು ಶೌಚಾಲಯ.

2016ರ ಅಕ್ಟೋಬರ್ ತಿಂಗಳು. ಮಗಳ ಮನೆಗೆ ಬಂದು ಒಂದೂವರೆ ತಿಂಗಳಾಗಿತ್ತು, ಮರುದಿನವೇ ಊರಿಗೆ ವಿಮಾನ. ಮಿಷಿಗನ್ ಸರೋವರದ ಕಡೆಯಿಂದ ಬೀಸುವ ಗಾಳಿ ಸ್ವೆಟರು, ಕೋಟು, ಮಫ್ಲರು ಮೂರನ್ನೂ ದಾಟಿ ಮೈಗೆ ಇಳಿಯುತ್ತಿತ್ತು. ಅರವತ್ತೆಂಟು ತುಂಬಿದವನಿಗೆ ಅಂಥ ಚಳಿಯಲ್ಲಿ ಏನಾಗುತ್ತದೆಂದು ವಿವರಿಸಬೇಕಾಗಿಲ್ಲ. ಅತ್ತಿತ್ತ ನೋಡಿದೆ. ಒಂದು ಕಾಫಿ ಅಂಗಡಿಯಲ್ಲಿ ‘ಗಿರಾಕಿಗಳಿಗೆ ಮಾತ್ರ’ ಎಂಬ ಚೀಟಿ.

‘ಒಂದು ಕಾಫಿ ತಗೊಂಡರೆ ಒಳಗೆ ಬಿಡ್ತಾರೆ ಅಪ್ಪ’ ಎಂದಳು ಮಗಳು.

‘ಕಾಫಿ ಕುಡಿದರೆ ಇನ್ನೊಂದು ಗಂಟೆಗೆ ಮತ್ತೆ ಇದೇ ಪಾಡು’ ಎಂದೆ.

ನಗುತ್ತ ಆಕೆ ಪಕ್ಕದ ದೊಡ್ಡ ಮಾಲ್ ಒಳಗೆ ಕರೆದುಕೊಂಡು ಹೋದಳು. ಕೆಲಸ ಮುಗಿಸಿ ಬಂದು, ನೆಮ್ಮದಿಯಾಗಿ ಜೇಬಿನಿಂದ ಚೀಟಿ ತೆಗೆದು ಅವಳ ಕೈಗಿತ್ತೆ. ‘127, ನಾರ್ತ್ ಡಿಯರ್‌ಬಾರ್ನ್ ಬೀದಿ.’ ಫೋನಿನಲ್ಲಿ ನಕ್ಷೆ ನೋಡಿ ಅವಳು ಇನ್ನೂ ಜೋರಾಗಿ ನಕ್ಕಳು. ‘ಅಪ್ಪ, ನೀನು ಈಗ ಹೋಗಿ ಬಂದೆಯಲ್ಲ, ಅದೇ ಜಾಗ!’

ಅಲ್ಲಿ ಒಂದು ಕಾಲಕ್ಕೆ ಯೂನಿಟಿ ಬಿಲ್ಡಿಂಗ್ ಎಂಬ ಎತ್ತರದ ಕಟ್ಟಡವಿತ್ತು. 1905ರ ಫೆಬ್ರವರಿ 23ರ ಸಂಜೆ ಅದರ 711ನೇ ಕೋಣೆಯಲ್ಲಿ ನಾಲ್ವರು ಕೂತು ಮಾತಾಡಿದರು. ವಕೀಲ ಪಾಲ್ ಹ್ಯಾರಿಸ್, ಕಲ್ಲಿದ್ದಲು ವ್ಯಾಪಾರಿ ಸಿಲ್ವೆಸ್ಟರ್ ಷೀಲಿ, ಗಣಿ ಎಂಜಿನಿಯರ್ ಗಸ್ಟಾವಸ್ ಲೋರ್ ಮತ್ತು ದರ್ಜಿ ಹೈರಮ್ ಷೋರಿ. ಕೋಣೆ ಲೋರ್ ಅವರ ಕಚೇರಿಯದು. ಅಂದು ಹುಟ್ಟಿದ್ದೇ ರೋಟರಿ ಕ್ಲಬ್. ಎರಡು ಮೂರು ಬೀದಿಗಳ ಆಚೆ, ಲಾ ಸಾಲ್ ಹೋಟೆಲಿನಲ್ಲಿ, 1917ರ ಜೂನ್ 7ರಂದು ವಿಮಾ ವ್ಯವಹಾರದ ಮೆಲ್ವಿನ್ ಜೋನ್ಸ್ ಕರೆದ ಸಭೆಯಿಂದ ಲಯನ್ಸ್ ಹುಟ್ಟಿತು. ನಮ್ಮ ತಾಲ್ಲೂಕು ಕೇಂದ್ರಗಳ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ನಾವು ನೋಡುವ ಆ ಚಕ್ರ, ಆ ಸಿಂಹ ಎರಡಕ್ಕೂ ತವರು ಇದೇ ಪೇಟೆ.

ಹೋಟೆಲೂ ಈಗಿಲ್ಲ, ಕಟ್ಟಡವೂ ಇಲ್ಲ. ಯೂನಿಟಿ ಬಿಲ್ಡಿಂಗನ್ನು 1989ರಲ್ಲಿ ಕೆಡವಿದರು. 711ನೇ ಕೋಣೆಯನ್ನು ಮಾತ್ರ ಜೋಪಾನವಾಗಿ ಕಳಚಿಟ್ಟು, ಆಮೇಲೆ ಪಕ್ಕದ ಎವನ್‌ಸ್ಟನ್ ಪಟ್ಟಣದಲ್ಲಿ ರೋಟರಿಯ ಕೇಂದ್ರ ಕಚೇರಿಯೊಳಗೆ ಮತ್ತೆ ಜೋಡಿಸಿದರು. ಅಲ್ಲಿಗೆ ಹೋಗಲು ನನಗೆ ಸಮಯವಿರಲಿಲ್ಲ. ಬೇಸರವೇನೂ ಆಗಲಿಲ್ಲ. ನನ್ನನ್ನು ಅಷ್ಟು ದೂರ ಎಳೆತಂದದ್ದು ಆ ಕೋಣೆಯಲ್ಲ, ಅದರಿಂದ ಹೊರಬಿದ್ದ ಮೊದಲ ಕೆಲಸ.

ಒಂಟಿತನದಿಂದ ಶುರು

ಪಾಲ್ ಹ್ಯಾರಿಸ್ ವರ್ಮಾಂಟ್ ರಾಜ್ಯದ ವಾಲಿಂಗ್‌ಫರ್ಡ್ ಎಂಬ ಸಣ್ಣ ಊರಿನಲ್ಲಿ ಅಜ್ಜ ಅಜ್ಜಿಯ ಆಸರೆಯಲ್ಲಿ ಬೆಳೆದವರು. ವಕೀಲಿ ಮಾಡಲು 1896ರಲ್ಲಿ ಷಿಕಾಗೊಗೆ ಬಂದರು. ಊರಿನಲ್ಲಿ ಎದುರಾದವರೆಲ್ಲ ಗುರುತಿನವರು; ಇಲ್ಲಿ ವಾರವಿಡೀ ಕಕ್ಷಿದಾರರ ಗದ್ದಲ, ಭಾನುವಾರ ಮಾತಾಡಿಸುವವರಿಲ್ಲ. ಆ ಒಂಟಿತನ ಕಳೆಯಲು ಹುಟ್ಟಿದ್ದು ಕ್ಲಬ್ಬು. ಇವತ್ತು ಒಬ್ಬರ ಕಚೇರಿ, ಮುಂದಿನ ಸಲ ಇನ್ನೊಬ್ಬರದು ಎಂದು ಸರದಿಯಂತೆ ಸೇರುತ್ತಿದ್ದರು. ‘ರೋಟರಿ’ ಎಂಬ ಹೆಸರು ಬಂದದ್ದೇ ಆ ಸರದಿಯಿಂದ. ಹ್ಯಾರಿ ರಗಲ್ಸ್ ಎಂಬ ಮುದ್ರಕ ಬಂದು ಸೇರಿಕೊಂಡು ಸಭೆಯಲ್ಲಿ ಎಲ್ಲರಿಂದ ಹಾಡಿಸುವ ಪದ್ಧತಿ ತಂದರು.

ಮೊದಲಿಗೆ ಅವರದು ಸ್ನೇಹ ಮತ್ತು ಪರಸ್ಪರ ವ್ಯಾಪಾರ, ಅಷ್ಟೆ. ನೀನು ನನ್ನಲ್ಲಿ ಬಟ್ಟೆ ಹೊಲಿಸು, ನಾನು ನಿನ್ನಲ್ಲಿ ಕಲ್ಲಿದ್ದಲು ಕೊಳ್ಳುತ್ತೇನೆ. 1906ರಲ್ಲಿ ಡೊನಾಲ್ಡ್ ಕಾರ್ಟರ್ ಎಂಬ ವಕೀಲರನ್ನು ಸದಸ್ಯರಾಗಲು ಕರೆದಾಗ, ಹೊರಗಿನವರಿಗೆ ಏನೂ ಮಾಡದ ಸಂಘ ಬಹುಕಾಲ ಬಾಳುವುದಿಲ್ಲ ಎಂಬ ಆಕ್ಷೇಪವನ್ನು ಅವರು ಎತ್ತಿದರು. ಆ ಮಾತು ನಾಟಿತು. ಊರಿಗೂ ಏನಾದರೂ ಮಾಡಬೇಕೆಂಬುದು ಕ್ಲಬ್ಬಿನ ಉದ್ದೇಶಗಳಲ್ಲಿ ಸೇರಿತು.

1907ರಲ್ಲಿ ಅವರು ಆರಿಸಿಕೊಂಡ ಕೆಲಸ ಪ್ರತಿಮೆಯಲ್ಲ, ಕಾರಂಜಿಯಲ್ಲ. ಪೇಟೆ ಬೀದಿಯಲ್ಲಿ ಸಾರ್ವಜನಿಕ ಶೌಚಾಲಯ! ಬೇರೆ ಸಂಘಗಳನ್ನೂ ಜೊತೆಗೆ ಸೇರಿಸಿಕೊಂಡು ಒತ್ತಾಯ ಶುರುಮಾಡಿದರು. ವಿರೋಧಿಸಿದವರು ಯಾರು ಗೊತ್ತೆ? ಬಿಯರ್ ತಯಾರಕರ ಸಂಘ ಮತ್ತು ಸ್ಟೇಟ್ ಬೀದಿಯ ದೊಡ್ಡ ಅಂಗಡಿಗಳವರು. ಗಂಡಸರಿಗೆ ನಮ್ಮ ಪಾನಗೃಹಗಳಿವೆ ಎಂದರು ಮೊದಲಿನವರು. ಹೆಂಗಸರಿಗೆ ನಮ್ಮ ಅಂಗಡಿಗಳಿವೆ ಎಂದರು ಎರಡನೆಯವರು. ಒಳಗೆ ಕಾಲಿಟ್ಟವರು ಒಂದು ಲೋಟ ಕುಡಿಯದೆ, ಒಂದು ಗಜ ಬಟ್ಟೆ ಕೊಳ್ಳದೆ ಬರಿಗೈಲಿ ಹೊರಬರುವುದು ಕಷ್ಟ ಎಂಬುದು ಇಬ್ಬರಿಗೂ ಗೊತ್ತಿತ್ತು. ಕೊನೆಗೆ 1909ರಲ್ಲಿ ನಗರಸಭೆ ಕಟ್ಟಡದ ಮಗ್ಗುಲಲ್ಲಿ ಶೌಚಾಲಯ ಆಯಿತು.

ಆ ಕಡೆಗೂ ನಡೆದು ಹೋದೆವು. ಶೌಚಾಲಯದ ಗುರುತೇನೂ ನನ್ನ ಕಣ್ಣಿಗೆ ಬೀಳಲಿಲ್ಲ. ವಾಪಸು ಬಂದು ಡೇಲಿ ಪ್ಲಾಜಾದಲ್ಲಿ ಕೂತೆವು. 1967ರಲ್ಲಿ ನಿಲ್ಲಿಸಿದ ಪಿಕಾಸೊನ ಐವತ್ತು ಅಡಿಯ ಉಕ್ಕಿನ ಶಿಲ್ಪ ಎದುರಿಗಿತ್ತು. ಅದು ಕುದುರೆಯೋ, ಹೆಂಗಸೋ, ಹಕ್ಕಿಯೋ ಎಂದು ಯೋಚಿಸುವುದು ಬಿಟ್ಟು ನಾನು ನಮ್ಮೂರಿನ ಪ್ರೌಢಶಾಲೆಯ ಹಿತ್ತಿಲನ್ನು ನೆನೆಯುತ್ತಿದ್ದೆ.

ನಮ್ಮೂರ ಹಿತ್ತಿಲು

ನಾನು ಮಲೆನಾಡಿನ ಸೆರಗಿನ ಒಂದು ತಾಲ್ಲೂಕು ಊರಿನಲ್ಲಿ ಗಣಿತದ ಮೇಷ್ಟ್ರಾಗಿದ್ದವನು. ಅಲ್ಲಿಯೂ ಒಂದು ಸೇವಾ ಸಂಸ್ಥೆಯಿತ್ತು. ಯಾವುದು ಎಂಬುದು ಮುಖ್ಯವಲ್ಲ. ಅಡಿಕೆ ಮಂಡಿಯವರು, ಡಾಕ್ಟರು, ಬ್ಯಾಂಕಿನ ಮ್ಯಾನೇಜರು, ಪ್ರೆಸ್ಸಿನವರು ಸದಸ್ಯರು. ಶಾಲೆಯಲ್ಲಿ ಅದರ ವಿದ್ಯಾರ್ಥಿ ಶಾಖೆ. ಅದರ ಉಸ್ತುವಾರಿ ನನ್ನದು. ಸಂಸ್ಥೆ ಶಾಲೆಗೆ ಗೋಡೆ ಗಡಿಯಾರ ಕೊಟ್ಟಿತ್ತು, ನಾಲ್ಕು ಬೆಂಚು ಕೊಟ್ಟಿತ್ತು. ಬೆಂಚಿನ ಮೇಲೆ ದಾನಿಗಳ ಹೆಸರು ಎಷ್ಟಿತ್ತೆಂದರೆ ಹುಡುಗರು ಹೆಸರಿನ ಮೇಲೇ ಕೂರಬೇಕಿತ್ತು.

1996ರಲ್ಲಿ ಒಂದು ದಿನ ನಮ್ಮ ಶಾಲೆಯ ವಿಜ್ಞಾನದ ಮೇಡಂ ನನ್ನ ಬಳಿ ಬಂದು, ‘ಸಾರ್, ಹೆಣ್ಣುಮಕ್ಕಳು ಬೆಳಿಗ್ಗೆ ಮನೆ ಬಿಟ್ಟ ಮೇಲೆ ನೀರು ಕುಡಿಯೋದಿಲ್ಲ, ಗೊತ್ತಾ?’ ಎಂದರು. ನನಗೆ ಗೊತ್ತಿರಲಿಲ್ಲ. ಇದ್ದ ಒಂದೇ ಶೌಚಾಲಯದ ಬಾಗಿಲು ಮುರಿದು ವರ್ಷಗಳಾಗಿದ್ದವು. ಒಂಬತ್ತು, ಹತ್ತನೇ ತರಗತಿಯ ಹುಡುಗಿಯರು ತಿಂಗಳಲ್ಲಿ ಮೂರು ನಾಲ್ಕು ದಿನ ಶಾಲೆಗೇ ಬರುತ್ತಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಅದು ಕಾಣುತ್ತಿತ್ತು; ಲೆಕ್ಕದ ಮೇಷ್ಟ್ರಾದ ನಾನೇ ಆ ಲೆಕ್ಕ ಹಾಕಿರಲಿಲ್ಲ.

ಸಂಸ್ಥೆಯ ಸಭೆಯಲ್ಲಿ ವಿಷಯ ಇಟ್ಟೆ. ಕೆಲವರು ಮುಖ ನೋಡಿಕೊಂಡರು. ‘ಕಕ್ಕಸಿನ ಮೇಲೆ ನಮ್ಮ ಹೆಸರು ಬರೆಸೋದಾ?’ ಎಂದರೊಬ್ಬರು. ಆಗ ಡಾಕ್ಟರು ಎದ್ದು ಷಿಕಾಗೊದ ಈ ಕಥೆಯನ್ನು ಹೇಳಿದರು. ನಾನು ಅದನ್ನು ಮೊದಲು ಕೇಳಿದ್ದು ಅಂದೇ. ಕೊನೆಯಲ್ಲಿ ಒಪ್ಪಂದವಾಯಿತು: ಶೌಚಾಲಯ ಕಟ್ಟೋಣ, ಯಾರ ಹೆಸರೂ ಬೇಡ.

ಸಿಮೆಂಟು, ಇಟ್ಟಿಗೆ, ಮೇಸ್ತ್ರಿ ಕೂಲಿ ಸಂಸ್ಥೆಯದು. ಗುಂಡಿ ತೋಡುವುದು, ಮರಳು ಹೊರುವುದು ಶ್ರಮದಾನ. ಎರಡನೇ ಭಾನುವಾರಕ್ಕೇ ಒಬ್ಬ ಹುಡುಗನ ತಂದೆ ನಮ್ಮ ಮನೆ ಬಾಗಿಲಿಗೆ ಬಂದರು. ‘ಮೇಷ್ಟ್ರೇ, ಈ ವರ್ಷ ಎಸ್ಸೆಸ್ಸೆಲ್ಸಿ. ಇವನು ಪುಸ್ತಕ ಬಿಟ್ಟು ಗುಂಡಿ ತೋಡ್ತಾ ಇದಾನೆ, ಅದೂ ಕಕ್ಕಸಿನ ಗುಂಡಿ. ಮನೆಗೆ ಮಾರಿ, ಊರಿಗೆ ಉಪಕಾರಿ ಆಗೋದು ಕಲಿಸ್ತೀರಾ?’ ಅವರ ಆತಂಕ ಸುಳ್ಳಾಗಿರಲಿಲ್ಲ. ಎರಡು ವಾರ ಹುಡುಗ ಬರಲಿಲ್ಲ. ಮೂರನೇ ಭಾನುವಾರ ತಂದೆಯೇ ಬಂದು ದೂರ ನಿಂತು ನೋಡಿದರು. ನೋಡುತ್ತ ನೋಡುತ್ತ ತಡೆಯಲಾರದೆ ಹತ್ತಿರ ಬಂದು, ‘ಬಾವಿಗೆ ಇಷ್ಟು ಹತ್ತಿರ ಗುಂಡಿ ತೋಡ್ತಾರೇನ್ರೀ? ಅದೇ ನೀರಲ್ಲವಾ ಮಕ್ಕಳು ಕುಡಿಯೋದು? ಹತ್ತು ಮಾರು ಆಚೆಗೆ, ಇಳಿಜಾರಿನ ಕಡೆ ತೋಡಿ’ ಎಂದು ಗದರಿದರು. ಅವರು ಬಾವಿ ತೋಡಿಸಿದ ಅನುಭವಸ್ಥರು. ಡಾಕ್ಟರಿಗೂ ಬ್ಯಾಂಕಿನವರಿಗೂ ಗಣಿತದ ಮೇಷ್ಟ್ರಿಗೂ ಹೊಳೆಯದ್ದು ಅವರಿಗೆ ಹೊಳೆದಿತ್ತು. ಗುಂಡಿ ಮುಚ್ಚಿ ಹೊಸದು ತೋಡಿದೆವು. ಅಂದು ಮಧ್ಯಾಹ್ನ ಮಣ್ಣಿನ ರಾಶಿಯ ಮೇಲೆ ಕೂತು ಮಂಡಿ ಸಾಹುಕಾರರೂ ಅವರೂ ಹುಡುಗರೂ ಒಂದೇ ಪಾತ್ರೆಯ ಚಿತ್ರಾನ್ನ ತಿಂದರು. ಊರಿನಲ್ಲಿ ಅವರೆಲ್ಲ ಒಟ್ಟಿಗೆ ಕೂರುವ ಬೇರೆ ಜಾಗ ಇರಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಉದ್ಘಾಟನೆಯಾಗಿ ಎರಡು ತಿಂಗಳಿಗೆ ಶೌಚಾಲಯಕ್ಕೆ ಬೀಗ ಬಿತ್ತು. ತೊಟ್ಟಿಯಲ್ಲಿ ನೀರಿಲ್ಲ, ತೊಳೆಯುವವರಿಲ್ಲ. ಕಟ್ಟುವುದು ಸೇವೆ ಎಂದು ನಾವು ತಿಳಿದಿದ್ದೆವು. ನಡೆಸುವುದರ ಬಗ್ಗೆ ಯೋಚಿಸಿಯೇ ಇರಲಿಲ್ಲ. ಆಗ ಮಕ್ಕಳೇ ಒಂದು ಪಟ್ಟಿ ಮಾಡಿದರು. ವಾರಕ್ಕೊಂದು ತಂಡ, ಸರದಿಯಂತೆ. ಬಾವಿಯಿಂದ ನೀರು ಸೇದಿ ತೊಟ್ಟಿ ತುಂಬಿಸುವುದು. ಗಂಡುಮಕ್ಕಳೂ ಸೇದಬೇಕು. ತೊಳೆಯುವ ಆಳಿನ ಸಂಬಳಕ್ಕೆ ಸಂಸ್ಥೆ ತಿಂಗಳು ತಿಂಗಳು ಹಣ ಕೊಡಬೇಕು. ಊರಿನ ಪೈಪು ಬರುವವರೆಗೂ ಆ ಪಟ್ಟಿ ಗೋಡೆಯ ಮೇಲಿತ್ತು. ಆ ಹುಡುಗ ಎಸ್ಸೆಸ್ಸೆಲ್ಸಿ ಪಾಸಾದ. ರ‍್ಯಾಂಕೇನೂ ಬರಲಿಲ್ಲ, ಸರದಿಯನ್ನೂ ತಪ್ಪಿಸಲಿಲ್ಲ.

ಮತ್ತೆ ಮತ್ತೆ ಹೋಗುವುದು

ದೊಡ್ಡ ಕೆಲಸಗಳ ಗುಟ್ಟೂ ಇಷ್ಟೇ ಎನ್ನಿಸುತ್ತದೆ. ರೋಟರಿ 1985ರಲ್ಲಿ ಪೋಲಿಯೊ ವಿರುದ್ಧ ಜಗತ್ತಿನಾದ್ಯಂತ ಕೆಲಸ ಹಮ್ಮಿಕೊಂಡಿತು. ನಮ್ಮ ದೇಶದಲ್ಲಿ ಸರ್ಕಾರದ ಪಲ್ಸ್ ಪೋಲಿಯೊ 1995ರಲ್ಲಿ ಆರಂಭವಾಯಿತು. ಎಷ್ಟು ಭಾನುವಾರಗಳು, ಎಷ್ಟು ಬೂತುಗಳು! ಹನಿ ಹಾಕಿದವರು ಆರೋಗ್ಯ ಕಾರ್ಯಕರ್ತೆಯರು. ಸೇವಾ ಸಂಸ್ಥೆಗಳವರು, ವಿದ್ಯಾರ್ಥಿಗಳು ಮನೆ ಮನೆಗೆ ಹೋಗಿ ಮಕ್ಕಳನ್ನು ಕರೆತಂದರು. ಕೊನೆಯ ಪ್ರಕರಣ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ 2011ರ ಜನವರಿ 13ರಂದು ಕಂಡಿತು. 2014ರ ಮಾರ್ಚ್ 27ರಂದು ಭಾರತವೂ ಸೇರಿದ ಆಗ್ನೇಯ ಏಷ್ಯಾ ವಲಯ ಪೋಲಿಯೊಮುಕ್ತ ಎಂದು ಘೋಷಣೆಯಾಯಿತು. ಒಂದು ಸಲ ಹೋಗಿ ಫೋಟೊ ತೆಗೆಸಿಕೊಂಡು ಬಂದಿದ್ದರೆ ಇದು ಆಗುತ್ತಿರಲಿಲ್ಲ.

ಈ ಸಂಘಗಳಲ್ಲಿ ಕುರುಡೂ ಇತ್ತು. ಹೆಂಗಸರ ಶೌಚಾಲಯಕ್ಕಾಗಿ ಹೋರಾಡಿದ ರೋಟರಿಯೇ ಹೆಂಗಸರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳಲು ಎಂಬತ್ತಕ್ಕೂ ಹೆಚ್ಚು ವರ್ಷ ತೆಗೆದುಕೊಂಡಿತು. ಕ್ಯಾಲಿಫೋರ್ನಿಯಾದ ಡುವಾರ್ಟೆ ಎಂಬ ಊರಿನ ಕ್ಲಬ್ಬು ಮೂವರು ಮಹಿಳೆಯರನ್ನು ಸೇರಿಸಿಕೊಂಡದ್ದಕ್ಕೆ ಮಾನ್ಯತೆ ಕಳೆದುಕೊಂಡಿತು. ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1987ರಲ್ಲಿ ಮಹಿಳೆಯರ ಪರವಾಗಿ ತೀರ್ಪು ಬಂತು. 1989ರಲ್ಲಿ ಸಂಸ್ಥೆಯ ನಿಯಮವೇ ಬದಲಾಯಿತು. 2022ರಲ್ಲಿ ಜೆನಿಫರ್ ಜೋನ್ಸ್ ರೋಟರಿಯ ಮೊದಲ ಮಹಿಳಾ ಅಧ್ಯಕ್ಷೆಯಾದರು. ನಮ್ಮೂರ ಸಂಸ್ಥೆಯಲ್ಲೂ 1996ರಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಇದ್ದಿದ್ದರೆ ಗೋಡೆ ಗಡಿಯಾರಕ್ಕಿಂತ ಮುಂಚೆ ಶೌಚಾಲಯದ ಮಾತು ಬರುತ್ತಿತ್ತು.

ಅಂದು ಡೇಲಿ ಪ್ಲಾಜಾದಲ್ಲಿ ಕೂತು ಇದನ್ನೆಲ್ಲ ಮಗಳಿಗೆ ಹೇಳುತ್ತಿದ್ದೆ. ಅವಳು ಸುಮ್ಮನೆ ಕೇಳಿ ಆಮೇಲೆ ಹೇಳಿದಳು: ‘ಅಪ್ಪ, ಆಗ ನಾನು ಅದೇ ಶಾಲೆಯಲ್ಲಿ ಎಂಟನೇ ಕ್ಲಾಸು. ನಾನೂ ನೀರು ಕುಡೀತಾ ಇರಲಿಲ್ಲ.’

ಇಪ್ಪತ್ತು ವರ್ಷ ಈ ಮಾತು ನಮ್ಮ ಮನೆಯಲ್ಲೇ ಇತ್ತು. ಅದೇ ಶಾಲೆಗೆ, ಅದೇ ದಾರಿಯಲ್ಲಿ ದಿನಾ ನನ್ನ ಜೊತೆಗೇ ನಡೆದು ಬರುತ್ತಿದ್ದ ಹುಡುಗಿ. ‘ಯಾಕೆ ಹೇಳಲಿಲ್ಲ?’ ಎಂದೆ. ‘ನೀನು ಕೇಳಲಿಲ್ಲವಲ್ಲ’ ಎಂದಳು. ಕೋಪವೇನೂ ಇರಲಿಲ್ಲ ಅವಳ ದನಿಯಲ್ಲಿ.

ಮಗನೋ ಮಗಳೋ ‘ಭಾನುವಾರ ಕ್ಲಬ್ಬಿನ ಕೆಲಸ ಇದೆ’ ಎಂದಾಗ ತಂದೆತಾಯಿಯರು ಹುಬ್ಬು ಗಂಟಿಕ್ಕುವುದು ಸಹಜ. ಬೇಡ ಎನ್ನುವ ಮೊದಲು ಎರಡು ಪ್ರಶ್ನೆ ಕೇಳಿ. ಈ ಕೆಲಸ ಯಾರಿಗೆ ಬೇಕಾಗಿದೆ, ಅವರನ್ನು ಕೇಳಿದ್ದೀರಾ? ಮುಂದಿನ ವಾರ ಅಲ್ಲಿಗೆ ಯಾರು ಹೋಗುತ್ತಾರೆ? ಎರಡಕ್ಕೂ ಉತ್ತರವಿದ್ದರೆ ಕಳಿಸಿಕೊಡಿ. ಬಿಡುವಿದ್ದರೆ ನೀವೂ ಹೋಗಿ. ಗುಂಡಿ ಎಲ್ಲಿ ತೋಡಬೇಕೆಂದು ನಿಮಗೇ ಗೊತ್ತಿದ್ದೀತು.

ಏಳುವ ಹೊತ್ತಿಗೆ ಗಾಳಿ ಇನ್ನೂ ಜೋರಾಗಿತ್ತು. ಮಗಳು ಚೀಲದಿಂದ ನೀರಿನ ಬಾಟಲಿ ತೆಗೆದು ತಾನು ಕುಡಿದು ನನಗೂ ಕೊಟ್ಟಳು. ಮಾಲ್ ಇನ್ನೂ ತೆರೆದಿತ್ತು. ನಾನೂ ಹೊಟ್ಟೆ ತುಂಬ ಕುಡಿದೆ.