ನಂದಿಯ ಹತ್ತಿರ ನಿಂತುಹೋದ ತೂಕ

ಮೈಸೂರಿಗೆ ಬಂದ ನೆಂಟರು ಅರಮನೆ, ಮೃಗಾಲಯ, ಕೆ.ಆರ್.ಎಸ್. ಎಲ್ಲ ನೋಡಿ ಮುಗಿಸಿ, ಕೊನೆಗೆ “ಬೆಟ್ಟಕ್ಕೆ ಹೋಗದೆ ಊರಿಗೆ ಹೋಗೋದು ಹೇಗೆ?” ಎಂದು ಚಾಮುಂಡಿ ಬೆಟ್ಟದ ಬಸ್ಸು ಹತ್ತುತ್ತಾರೆ. ಅರ್ಧ ಗಂಟೆಯಲ್ಲಿ ಮೇಲೆ, ದರ್ಶನ, ಮಹಿಷಾಸುರನ ಮುಂದೆ ಒಂದು ಫೋಟೋ, ಮತ್ತೆ ಕೆಳಗೆ. ಅವರನ್ನೇಕೆ ಆಡಿಕೊಳ್ಳಲಿ? ನಾನೇ ವಿದ್ಯಾರಣ್ಯಪುರದಲ್ಲಿ ಇಪ್ಪತ್ತೆರಡು ವರ್ಷದಿಂದ ಸಂಸಾರ ಮಾಡುತ್ತಿದ್ದೇನೆ. ಮಹಡಿಯ ಮೇಲೆ ಬಟ್ಟೆ ಒಣಗಹಾಕುವಾಗ ದಿನಾ ಬೆಟ್ಟ ಕಣ್ಣಿಗೆ ಬೀಳುತ್ತದೆ. ಅಲ್ಲಿಂದಲೇ ಕೈಮುಗಿದು ಕೆಳಗಿಳಿಯುತ್ತಿದ್ದೆನೇ ಹೊರತು, ಮೆಟ್ಟಿಲು ಹತ್ತಿ ಹೋದದ್ದು ಮದುವೆಯಾದ ಹೊಸದರಲ್ಲಿ ಒಂದೇ ಸಲ.

ಮತ್ತೆ ಹತ್ತುವ ಹಾಗೆ ಮಾಡಿದ್ದು ಭಕ್ತಿಯಲ್ಲ, ಭಯ. ಹೋದ ವರ್ಷದ ಸಂಕ್ರಾಂತಿಯ ಹೊತ್ತಿಗೆ ನನ್ನ ತೂಕ 76 ಕಿಲೋ. ರಕ್ತ ಪರೀಕ್ಷೆಯಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆ 6.2 ಬಂತು. “ಇನ್ನೂ ಸಕ್ಕರೆ ಕಾಯಿಲೆ ಅಲ್ಲ. ಆದರೆ 6.5 ಮುಟ್ಟಿದರೆ ಕಾಯಿಲೆ ಅಂತಲೇ ಲೆಕ್ಕ. ನೀವು ಬಾಗಿಲಲ್ಲಿ ನಿಂತಿದ್ದೀರಿ” ಎಂದರು ಡಾಕ್ಟರಮ್ಮ. ನನಗೆ ಎದೆ ಧಸಕ್ ಎಂದಿತು. ನಮ್ಮಮ್ಮನಿಗೆ ಸಕ್ಕರೆ ಕಾಯಿಲೆಯಿಂದ ಕಾಲಿನ ಎರಡು ಬೆರಳು ತೆಗೆದಿದ್ದರು. ಆ ಕಾಲಿಗೆ ದಿನಾ ಬ್ಯಾಂಡೇಜು ಕಟ್ಟಿದವಳು ನಾನೇ.

ಮರುದಿನದಿಂದಲೇ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡಿಗೆ ಶುರು. ಕಾಫಿಗೆ ಸಕ್ಕರೆ ಬಂದ್. ರಾತ್ರಿ ಅನ್ನದ ಬದಲು ಒಂದು ಸಣ್ಣ ರಾಗಿ ಮುದ್ದೆ, ಸೊಪ್ಪಿನ ಸಾರು. ವಾರಕ್ಕೆ ಎರಡು ದಿನ ಬೆಟ್ಟದ ಮೆಟ್ಟಿಲು. ಯುಗಾದಿಗೆ 72½ ಕಿಲೋ, ಮೇ ತಿಂಗಳ ಕೊನೆಗೆ 70! ಬೀದಿಯವರೆಲ್ಲ “ಏನ್ರೀ, ಗುರುತೇ ಸಿಗೋಲ್ಲ!” ಅನ್ನುವವರೇ. ನನಗೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ ಅನ್ನಿ.

ಅಲ್ಲಿಗೆ ನಿಂತಿತು ನೋಡಿ! ಜೂನ್ ಪೂರ್ತಿ 70. ಜುಲೈಯಲ್ಲೂ 70. ಒಂದು ದಿನ ಮುಳ್ಳು 69½ ತೋರಿಸಿದರೆ, ಎರಡು ದಿನ ಬಿಟ್ಟು 70½. ಅದೇ ನಡಿಗೆ, ಅದೇ ಮುದ್ದೆ. ತಕ್ಕಡಿ ಕೆಟ್ಟಿರಬಹುದೆಂದು ಐದು ಕಿಲೋ ಅಕ್ಕಿಯ ಚೀಲ ಇಟ್ಟು ನೋಡಿದೆ. ಸರಿಯಾಗಿ ಐದೇ ತೋರಿಸಿತು. ಹಟಕ್ಕೆ ಬಿದ್ದು ಒಂದು ವಾರ ರಾತ್ರಿ ಊಟವನ್ನೇ ಬಿಟ್ಟೆ. ನಾಲ್ಕನೆಯ ದಿನ ಒಲೆಯ ಮುಂದೆ ತಲೆ ಸುತ್ತಿ ಕೂತುಬಿಟ್ಟೆ. ಅಂದು ರಾತ್ರಿ ಹತ್ತು ಗಂಟೆಗೆ, ಎಲ್ಲರೂ ಮಲಗಿದ ಮೇಲೆ, ಡಬ್ಬಿ ತೆಗೆದು ನಾಲ್ಕು ಕೊಬ್ಬರಿ ಮಿಠಾಯಿ ತಿಂದೆ. “ನಿನ್ನ ಮೈಕಟ್ಟೇ ಇಷ್ಟು, ಬಿಡು” ಎಂದರು ನಮ್ಮ ಯಜಮಾನರು. ಸಮಾಧಾನಕ್ಕೆ ಹೇಳಿದ ಮಾತೇ. ಆದರೂ ಅತ್ತುಬಿಟ್ಟೆ.

ಅಂಥ ಮನಸ್ಸಿನಲ್ಲೇ ಆಷಾಢದ ಒಂದು ಮಂಗಳವಾರ ಬೆಳಿಗ್ಗೆ ಆರು ಗಂಟೆಗೆ ಬೆಟ್ಟದ ಪಾದಕ್ಕೆ ಹೋದೆ. ಆಷಾಢ ಶುಕ್ರವಾರಗಳಲ್ಲಿ ಬೆಟ್ಟದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಉಳಿದ ದಿನಗಳಲ್ಲಿ ತುಂತುರು ಮಳೆ, ತಣ್ಣನೆ ಗಾಳಿ, ಎರಡು ಕಡೆಯೂ ಹಸಿರು. ಹತ್ತುವುದಕ್ಕೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಸಾವಿರ ಮೆಟ್ಟಿಲು ಎಂದು ವಾಡಿಕೆ. 1659ರಲ್ಲಿ ಪಟ್ಟಕ್ಕೆ ಬಂದ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ್ದು. ಬೆಟ್ಟದ ತುದಿ ಸಮುದ್ರಮಟ್ಟದಿಂದ ಸುಮಾರು 3,480 ಅಡಿ. ಊರಿನಿಂದ ಲೆಕ್ಕ ಹಾಕಿದರೆ ಒಂಬತ್ತುನೂರು ಅಡಿಗೂ ಹೆಚ್ಚು ಮೇಲೆ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಹತ್ತುತ್ತ ಹೋದರೆ ಹಿಂದೆ ಮೈಸೂರು ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ಲಲಿತಮಹಲಿನ ಬಿಳಿ ಗುಮ್ಮಟ, ರೇಸ್‌ಕೋರ್ಸು, ಕಾರಂಜಿಕೆರೆ, ಮಂಜು ಸರಿದರೆ ಅರಮನೆ.

ಏಳುನೂರನೆಯ ಮೆಟ್ಟಿಲಿನ ಹತ್ತಿರ ದೊಡ್ಡ ನಂದಿ. ಇದೂ ದೊಡ್ಡ ದೇವರಾಜ ಒಡೆಯರ ಕಾಲದ್ದೇ. ಒಂದೇ ಬಂಡೆಯಲ್ಲಿ ಕಡೆದದ್ದು, ಎತ್ತರ ಸುಮಾರು 15 ಅಡಿ, ಉದ್ದ 24 ಅಡಿ. ಕೊರಳಿನ ಗಂಟೆಯ ಸರಗಳನ್ನು ಒಂದೊಂದಾಗಿ ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಅಲ್ಲಿಗೆ ಬಂದರೆ ದಾರಿ ಸಮತಟ್ಟು. ರಸ್ತೆ ಇದೆ, ಎಳನೀರು, ಕಬ್ಬಿನಹಾಲು, ಚುರುಮುರಿ ಎಲ್ಲ ಇದೆ. ಎಷ್ಟೋ ಮಂದಿ ಅಲ್ಲಿಗೇ ಸಾಕೆಂದು ಆಟೋ ಹಿಡಿಯುತ್ತಾರೆ. ನಾನೂ ಅಂದು ಕಲ್ಲಿನ ಮೇಲೆ ಕೂತು, ಸ್ಕೂಟರು ತಾ ಎಂದು ಮಗನಿಗೆ ಫೋನು ಮಾಡಲು ಹೊರಟೆ. ಇಷ್ಟು ಹತ್ತಿಯೂ ಇಳಿಯದ ತೂಕ ಇನ್ನು ಮುನ್ನೂರು ಮೆಟ್ಟಿಲಿಗೆ ಇಳಿಯುತ್ತದೆಯೇ?

ಆಗ ಕೆಳಗಿನಿಂದ ಒಬ್ಬ ಹೆಂಗಸು ಬಂದಳು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳಿರಬೇಕು. ಕೈಯಲ್ಲಿ ಅರಿಶಿನ ಕುಂಕುಮದ ಬಟ್ಟಲು. ಹರಕೆ ಹೊತ್ತವರು ಒಂದೊಂದು ಮೆಟ್ಟಿಲಿಗೂ ಬಗ್ಗಿ ಬೊಟ್ಟಿಡುವುದನ್ನು ನೀವೂ ನೋಡಿರಬಹುದು. ಪಕ್ಕದಲ್ಲಿ ಕೂತು ನೀರು ಕುಡಿದಳು.

“ಎಷ್ಟಾಯಿತಮ್ಮಾ?” ಎಂದೆ.

“ಎಣಿಸಕ್ಕೋದ್ರೆ ಸೊಂಟ ನೋಯ್ತದೆ ಕಣಕ್ಕಾ. ಈ ಮೆಟ್ಲಿಗೆ ಇಟ್ನಾ, ಆಮೇಕೆ ಮುಂದಿನ್ದು. ಅಷ್ಟೇಯ” ಎಂದು ನಕ್ಕಳು. “ನೀವು ದಿನಾ ಬತ್ತೀರಾ? ಒಂಚೂರೂ ಏದುಸಿರೇ ಇಲ್ವಲ್ಲ ನಿಮ್ಗೆ!”

ನಾನು ಸುಮ್ಮನಾದೆ. ಹೌದಲ್ಲ! ಜನವರಿಯಲ್ಲಿ ಮೊದಲ ಸಲ ಹತ್ತಿದಾಗ ನಂದಿ ಮುಟ್ಟುವುದರೊಳಗೆ ಹದಿನಾಲ್ಕು ಕಡೆ ಕೂತಿದ್ದೆ. ಆಗ ಕೂತ ಕಡೆಗಳನ್ನು ಬೆರಳು ಮಡಚಿ ಎಣಿಸಿದ್ದು ಚೆನ್ನಾಗಿ ನೆನಪಿದೆ. ಇಂದು ಕೂತದ್ದು ಮೂರೇ ಕಡೆ. ಮೇ ಕೊನೆಯಲ್ಲಿ, ತೂಕ ಇದೇ 70 ಇದ್ದಾಗ, ಆರು ಕಡೆ ಕೂತಿದ್ದೆ. ಅಂದರೆ ತಕ್ಕಡಿಯ ಮುಳ್ಳು ಅಲುಗದೆ ನಿಂತಿದ್ದ ಈ ಎರಡು ತಿಂಗಳಲ್ಲೂ ನನ್ನ ಕಾಲು, ನನ್ನ ಎದೆ ಸುಮ್ಮನೆ ಕೂತಿರಲಿಲ್ಲ.

ಫೋನನ್ನು ಚೀಲಕ್ಕೆ ಹಾಕಿ ಎದ್ದೆ. ಅವಳು ಬೊಟ್ಟಿಡುತ್ತ ಬಂದಳು, ನಾನು ನಿಧಾನವಾಗಿ ಮುಂದೆ ಹೋದೆ. ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರು 1827ರಲ್ಲಿ ಕಟ್ಟಿಸಿದ ಏಳು ಅಂತಸ್ತಿನ ಗೋಪುರ ಕಂಡಾಗ, ಅಂದಿನಷ್ಟು ಸಂತೋಷ ಹಿಂದೆಂದೂ ಆಗಿರಲಿಲ್ಲ.

ಮಾರನೆಯ ದಿನ ಡಾಕ್ಟರಮ್ಮನ ಹತ್ತಿರ ಹೋದೆ. ಅವರು ಹೇಳಿದ್ದನ್ನು ನಮ್ಮ ಅಡಿಗೆಮನೆಯ ಭಾಷೆಯಲ್ಲೇ ಹೇಳುತ್ತೇನೆ. ಆರು ಕಿಲೋ ಇಳಿದಿದೆ ಎಂದರೆ, ಹೊತ್ತು ತಿರುಗುತ್ತಿದ್ದ ಒಂದು ಅಕ್ಕಿಯ ಚೀಲವನ್ನು ಇಳಿಸಿದ ಹಾಗೆ. ಹಗುರಾದ ಮೈಗೆ ಕೂತರೂ, ನಡೆದರೂ, ಮಲಗಿದರೂ ಮೊದಲಿನಷ್ಟು ಸೌದೆ ಬೇಡ. 76 ಕಿಲೋ ಇದ್ದಾಗ ಕಡಿಮೆಯೆನಿಸುತ್ತಿದ್ದ ಊಟ 70 ಕಿಲೋಗೆ ಸರಿಸಮ ಆಗಿಬಿಡುತ್ತದೆ. ಮೊದಲ ವಾರಗಳಲ್ಲಿ ಸರಸರನೆ ಇಳಿಯುವುದರಲ್ಲಿ ಮೈಯೊಳಗಿನ ನೀರಿನ ಪಾಲೂ ಇರುತ್ತದೆ. ಹಾಗಾಗಿ ಮುಂದೆ ನಿಧಾನವಾಗುವುದು, ಕೆಲವು ವಾರ ನಿಂತೇಬಿಡುವುದು, ಹೆಚ್ಚುಕಡಿಮೆ ಎಲ್ಲರಿಗೂ ಆಗುವ ಸಂಗತಿ. ಅದು ಸೋಲಲ್ಲ.

ಇನ್ನೊಂದು ಮಾತನ್ನೂ ಅವರು ಹೇಳಿದರು. ನನಗೆ ಧೈರ್ಯ ಬಂದದ್ದು ಅದರಿಂದಲೇ. ಚೆನ್ನೈನ ವೈದ್ಯರು ನನ್ನ ಹಾಗೆ ಬಾಗಿಲಲ್ಲಿ ನಿಂತ 531 ಮಂದಿಯನ್ನು ಸುಮಾರು ಮೂರು ವರ್ಷ ಗಮನಿಸಿ, 2006ರಲ್ಲಿ ವರದಿ ಪ್ರಕಟಿಸಿದರು. ವಿಶೇಷ ಸಲಹೆಯೇನೂ ಇಲ್ಲದೆ ಇದ್ದವರಲ್ಲಿ ನೂರಕ್ಕೆ 55 ಮಂದಿಗೆ ಸಕ್ಕರೆ ಕಾಯಿಲೆ ಬಂದರೆ, ಊಟ ತಿದ್ದಿಕೊಂಡು ನಡಿಗೆ ಇಟ್ಟುಕೊಂಡವರಲ್ಲಿ ನೂರಕ್ಕೆ 39 ಮಂದಿಗೆ ಬಂತು. ಸ್ವಾರಸ್ಯವೇನು ಗೊತ್ತೇ? ಹೀಗೆ ಲಾಭ ಪಡೆದವರ ತೂಕ ಹೇಳಿಕೊಳ್ಳುವಷ್ಟು ಇಳಿದೇ ಇರಲಿಲ್ಲ! ತೂಕ ಇಳಿದರೆ ಇನ್ನೂ ಒಳ್ಳೆಯದೇ, ಇಳಿಯಲಿಲ್ಲವೆಂದು ನಡಿಗೆಯನ್ನು ಬಿಡಬಾರದು. ಅಂದೇ ರಕ್ತ ಕೊಟ್ಟು ಬಂದೆ. ಸಂಜೆ ಬಂದ ಲೆಕ್ಕ 5.9. ಪೂರ್ತಿ ಗೆದ್ದ ಹಾಗಲ್ಲ, 5.7ರ ಕೆಳಗೆ ಬರಬೇಕು. ಆದರೂ ಬಾಗಿಲಿನಿಂದ ಎರಡು ಹೆಜ್ಜೆ ಹಿಂದೆ ಸರಿದಿದ್ದೆ.

ಆಮೇಲೆ ಮನೆಗೆ ಬಂದು ನನ್ನ ಲೆಕ್ಕವನ್ನು ನಾನೇ ಮಾಡಿದೆ. ಒಂದು ವಾರ ಬಾಯಿಗೆ ಹಾಕಿದ್ದನ್ನೆಲ್ಲ ಮಗಳ ಹಳೆಯ ನೋಟುಪುಸ್ತಕದಲ್ಲಿ ಬರೆದೆ. ಅಯ್ಯೋ ನನ್ನ ಕಥೆಯೇ! ಮಗ ಬಿಟ್ಟ ಅರ್ಧ ದೋಸೆ, ತಳದಲ್ಲಿ ಉಳಿದ ಉಪ್ಪಿಟ್ಟು, ರುಚಿ ನೋಡುವ ನೆಪದಲ್ಲಿ ಬೋಂಡ. ಅದಕ್ಕಿಂತ ದೊಡ್ಡದು, ಬೆಟ್ಟ ಹತ್ತಿದ ಪ್ರತಿ ಸಲವೂ ನಂದಿಯ ಹತ್ತಿರ ಒಂದು ದೊಡ್ಡ ಲೋಟ ಕಬ್ಬಿನಹಾಲು! ಬೆವರು ಸುರಿಸಿ ಕಳೆದದ್ದನ್ನು ಅಲ್ಲೇ ಕುಡಿದು ತುಂಬಿಸಿಕೊಳ್ಳುತ್ತಿದ್ದೆ. ಈಗ ಮನೆಯಿಂದಲೇ ಕರಿಬೇವು, ಶುಂಠಿ ಹಾಕಿದ ನೀರು ಮಜ್ಜಿಗೆ ಒಯ್ಯುತ್ತೇನೆ.

ಎಣ್ಣೆಯ ಲೆಕ್ಕವೂ ಅಷ್ಟೇ. ಒಂದು ಚಮಚ ಎಣ್ಣೆಗೆ 45 ಕ್ಯಾಲೊರಿ. ನಾಲ್ಕು ಜನಕ್ಕೆ ತಿಂಗಳಿಗೆ ನಾಲ್ಕು ಲೀಟರ್ ತರುತ್ತಿದ್ದುದನ್ನು ಎರಡೂವರೆಗೆ ಇಳಿಸಿದೆ. ಬಗ್ಗಿಸಿ ಸುರಿಯುವ ಬದಲು ಚಮಚದಲ್ಲಿ ಅಳೆದು ಹಾಕುತ್ತೇನೆ. ಮನೆಯಲ್ಲಿ ಯಾರಿಗೂ ಗೊತ್ತೇ ಆಗಲಿಲ್ಲ. ಬೆಳಗಿನ ತಿಂಡಿಯ ಜೊತೆಗೆ ಮೊಳಕೆ ಹೆಸರುಕಾಳು ಅಥವಾ ಹುರುಳಿಕಾಳಿನ ಉಸಲಿ ಕಡ್ಡಾಯ: ಬೇಯಿಸಿದ ಕಾಳಿಗೆ ಒಂದೇ ಚಮಚ ಎಣ್ಣೆಯ ಒಗ್ಗರಣೆ, ಇಂಗು, ಹಸಿಮೆಣಸಿನಕಾಯಿ, ನಿಂಬೆರಸ, ಹೆಸರಿಗೆ ಮಾತ್ರ ತೆಂಗಿನಕಾಯಿ ತುರಿ. ಹನ್ನೊಂದು ಗಂಟೆಯ ಹಸಿವು ಅದರಿಂದ ನಿಂತಿತು. ಮೈಯ ಮಾಂಸಖಂಡ ಕರಗದಿರಲು ಕಾಳು, ಬೇಳೆ, ಮೊಸರು ಬೇಕೇ ಬೇಕಂತೆ. ಅದರ ಜೊತೆಗೆ ಕುರ್ಚಿಯಿಂದ ಕೈ ಊರದೆ ಹದಿನೈದು ಸಲ ಎದ್ದು ಕೂರುವುದು, ದಿನಕ್ಕೆ ಎರಡು ಸರದಿ. ಕುಕ್ಕರು ಕೂಗುವುದರೊಳಗೆ ಮುಗಿಯುತ್ತದೆ.

ತಕ್ಕಡಿ ಹತ್ತುವುದು ಈಗ ವಾರಕ್ಕೆ ಒಂದೇ ಸಲ, ಬುಧವಾರ ಬೆಳಿಗ್ಗೆ ಕಾಫಿಗೆ ಮುಂಚೆ. ಹಿಂದಿನ ರಾತ್ರಿ ಉಪ್ಪಿನಕಾಯಿ, ಹಪ್ಪಳ ಜಾಸ್ತಿ ತಿಂದರೆ ಮೈಯಲ್ಲಿ ನೀರು ನಿಂತು ಮುಳ್ಳು ಮೇಲೇರುತ್ತದೆ. ಮುಟ್ಟಿನ ಮುಂಚಿನ ದಿನಗಳಲ್ಲೂ ಹಾಗೆಯೇ. ಅದನ್ನು ಕೊಬ್ಬು ಎಂದು ತಿಳಿದು ಗಾಬರಿಯಾಗಬೇಡಿ. ತಿಂಗಳಿಗೊಮ್ಮೆ ಟೇಪು ಹಿಡಿದು ಸೊಂಟ ಅಳೆಯುತ್ತೇನೆ. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರು, ಅಂದರೆ ಸುಮಾರು ಮೂವತ್ತೊಂದೂವರೆ ಅಂಗುಲ ಮೀರಬಾರದಂತೆ. ನನ್ನದು 38 ಇದ್ದದ್ದು 35ಕ್ಕೆ ಬಂದಿದೆ. ದರ್ಜಿಯವನು ರವಿಕೆಗಳಿಗೆ ಒಳಹೊಲಿಗೆ ಹಾಕಿ ಹಾಕಿ ಸಾಕಾಗಿದ್ದಾನೆ!

ಆಗಸ್ಟ್ ಕೊನೆಗೆ ಮುಳ್ಳು ಮತ್ತೆ ಕದಲಿತು. ದಸರಾ ಹೊತ್ತಿಗೆ 68½, ಈಗ 67. ನಡುವೆ ಇನ್ನೊಮ್ಮೆ ಐದು ವಾರ ನಿಂತಿತ್ತು. ಈ ಸಲ ಅಳಲಿಲ್ಲ. ಡಾಕ್ಟರಮ್ಮ ಹೇಳಿದ ಗುರಿ 64. ಯಾವಾಗ ಮುಟ್ಟುತ್ತೇನೋ, ಆ ತಾಯಿಗೇ ಗೊತ್ತು.

ನೀವು ಮೈಸೂರಿಗೆ ಬಂದಾಗ ಒಮ್ಮೆ ಮೆಟ್ಟಿಲಿನಲ್ಲೇ ಹೋಗಿ ನೋಡಿ. ಬಿಸಿಲೇರುವ ಮುಂಚೆ ಹೊರಡಿ, ನೀರಿನ ಬಾಟಲಿ ಇರಲಿ, ತಿಂಡಿಯ ಪೊಟ್ಟಣವನ್ನು ಕೋತಿಗಳಿಗೆ ಕಾಣುವಂತೆ ಹಿಡಿಯಬೇಡಿ. ಮಂಡಿನೋವು, ರಕ್ತದೊತ್ತಡ, ಎದೆಯ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಹತ್ತಬೇಡಿ. ಹತ್ತುವುದಕ್ಕಿಂತ ಇಳಿಯುವಾಗ ಮಂಡಿಗೆ ಹೊಡೆತ ಹೆಚ್ಚು. ಅದಕ್ಕೇ ನಾನು ಇಳಿಯುವುದು ಬಸ್ಸಿನಲ್ಲಿ. 2023ರ ಜೂನ್‌ನಿಂದ ನಮ್ಮ ರಾಜ್ಯದ ಹೆಂಗಸರಿಗೆ ಸಾಧಾರಣ ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚೂ ಇಲ್ಲವಲ್ಲ!

ನಂದಿಯ ಹತ್ತಿರ ಕೂತು ಧಾರಾಳವಾಗಿ ದಣಿವಾರಿಸಿಕೊಳ್ಳಿ. ನಾನೂ ಪ್ರತಿ ಸಲ ಹತ್ತು ನಿಮಿಷ ಕೂರುತ್ತೇನೆ. ಆದರೆ ಅಲ್ಲಿಂದಲೇ ಆಟೋ ಹಿಡಿಯಬೇಡಿ. ಗುಡಿ ಇರುವುದು ಇನ್ನೂ ಮುನ್ನೂರು ಮೆಟ್ಟಿಲ ಮೇಲೆ.